ತೋಟಕ್ಕೆ ಒಯ್ಯಲು ಯಾವ ಮ್ಯೂಸಿಕ್ ಪ್ಲೇಯರ್ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು. ಅಪ್ಪಾಜಿಗೆ ಅರವತ್ತು ದಾಟಿದೆ, ತಿಕೋಟಾ ಹತ್ತಿರ ದ್ರಾಕ್ಷಿ ತೋಟ ಇದೆ, ಸ್ಮಾರ್ಟ್‌ಫೋನ್ ಅವರಿಗೆ ಒಗ್ಗಲ್ಲ. ಪ್ರವಚನ, ಭಜನೆ, ಒಂದಿಷ್ಟು ಹಳೆಯ ಹಾಡು ಕೇಳಬೇಕು. ನಿಮ್ಮ ಮುಂದೆ ಇರುವುದು ನಾಲ್ಕು: 350 ರೂಪಾಯಿಯ ಬೆಂಕಿಪೊಟ್ಟಣದಷ್ಟು ಪ್ಲೇಯರ್, ಮೂರೂವರೆ ಸಾವಿರದ 16 ಜಿಬಿ ಪ್ಲೇಯರ್, ಗೆಳೆಯರು ಕೊಡುತ್ತೇನೆ ಅಂದಿರುವ ಹಳೆಯ ಐಪಾಡ್, ಮತ್ತೆ ಸೋನಿ ವಾಕ್‌ಮನ್.

ಮೂರೂವರೆ ಸಾವಿರದ್ದೇ ತಗೊಳ್ಳಿ. ಆದರೆ 16 ಜಿಬಿ ನೋಡಿ ತಗೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಬನಹಟ್ಟಿ. ಮನೆಯಲ್ಲಿ ಪವರ್‌ಲೂಮ್ ಇವೆ. ಹತ್ತು-ಹನ್ನೆರಡು ವರ್ಷದಲ್ಲಿ ಅಪ್ಪನಿಗೆ ಅಂತಲೇ ಐದು ಪ್ಲೇಯರ್ ತಂದಿದ್ದೇನೆ. ಮೊದಲನೆಯದು ಅಂಥದೇ ಬೆಂಕಿಪೊಟ್ಟಣದ್ದು. ಅಂಗಿಗೆ ಸಿಕ್ಕಿಸುವ ಕ್ಲಿಪ್ ಇತ್ತು, ಪರದೆ ಇರಲಿಲ್ಲ. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದ್ದು ಒಂದೇ: "ಇದರಾಗ ಹಾಡು ಎಲ್ಲಿ ಕುಂತಾವೋ ತಮ್ಮಾ?" ಪ್ರಶ್ನೆ ಸರಿಯಾಗೇ ಇತ್ತು. ಆ ಪ್ಲೇಯರಿಗೆ ಸ್ವಂತ ಮೆಮೊರಿಯೇ ಇರಲಿಲ್ಲ, ಕಾರ್ಡ್ ಬೇರೆ ಕೊಳ್ಳಬೇಕಿತ್ತು. ನೀವು ನೋಡಿದ 350 ರೂಪಾಯಿಯದೂ ಹಾಗೇ ಇರಬಹುದು, ಅಂಗಡಿಯಲ್ಲಿ ಕೇಳಿ.

ಜನ ಮೊದಲು ನೋಡೋದು ಜಿಬಿಯನ್ನೇ. ಸುಮ್ನೆ ಒಂದು ಲೆಕ್ಕ ಹಾಕೋಣ. ಎಂಪಿ3 ಹಾಡು 128 ಕೆಬಿಪಿಎಸ್‌ನಲ್ಲಿದ್ದರೆ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಅಳತೆ ಇದು) ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ. ನಾಲ್ಕು ನಿಮಿಷದ ಹಾಡಿಗೆ 4 ಎಂಬಿ. 320ರಲ್ಲಿದ್ದರೆ ಅದೇ ಹಾಡು 9-10 ಎಂಬಿ ಆಗುತ್ತದೆ. 8 ಜಿಬಿ ಅಂತ ಬರೆದದ್ದು ಕಂಪ್ಯೂಟರಿಗೆ ಹಚ್ಚಿದಾಗ 7.4 ಅಂತ ತೋರಿಸುತ್ತದೆ. ಅದು ಮೋಸ ಅಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಷ್ಟರಲ್ಲೂ 128ರ ಹಾಡು 1,800ರ ಮೇಲೆ ಹಿಡಿಸುತ್ತವೆ.

ಪ್ರವಚನಕ್ಕೆ ಅಷ್ಟೂ ಬೇಡ. ಒಬ್ಬರೇ ಮಾತಾಡುವ ರೆಕಾರ್ಡಿಂಗಿಗೆ 64 ಕೆಬಿಪಿಎಸ್ ಮೋನೋ (ಎರಡೂ ಕಿವಿಗೆ ಒಂದೇ ದನಿ) ಧಾರಾಳ ಆಯಿತು. ಒಂದು ತಾಸಿಗೆ 29 ಎಂಬಿ. ಅಂದರೆ 8 ಜಿಬಿಯಲ್ಲಿ 250 ತಾಸಿಗಿಂತ ಜಾಸ್ತಿ. ಅಪ್ಪಾಜಿ ದಿನಕ್ಕೆ ಎರಡು ತಾಸು ಕೇಳಿದರೂ ನಾಲ್ಕು ತಿಂಗಳು ಕೇಳಿದ್ದು ಮತ್ತೆ ಬರಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ನಮ್ಮಪ್ಪ ಒಂದೊಂದನ್ನು ಮೂರು ಸಲ ಕೇಳುತ್ತಾರೆ. ಅಂಥವರಿಗೆ 64 ಜಿಬಿ ಯಾಕೆ?

1998ರಲ್ಲಿ ಕೊರಿಯಾದಿಂದ ಬಂದ ಎಂಪಿಮ್ಯಾನ್ ಅನ್ನುವ ಪ್ಲೇಯರ್‌ನಲ್ಲಿ 32 ಎಂಬಿ ಇತ್ತು, ಅರ್ಧ ತಾಸಿನ ಹಾಡಿಗೆ ಸರಿ. 2001ರಲ್ಲಿ ಬಂದ ಮೊದಲ ಐಪಾಡ್‌ಗೆ 5 ಜಿಬಿ, ಬೆಲೆ 399 ಡಾಲರ್. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದದ್ದರಿಂದ ತೂಕ 185 ಗ್ರಾಂ. ಆಗ ಜಾಗಕ್ಕೇ ದುಡ್ಡು ಕೊಡಬೇಕಿತ್ತು. ಈಗ ಜಾಗ ಎಲ್ಲಕ್ಕಿಂತ ಅಗ್ಗ. ಕಾರ್ಡ್ ಹಾಕುವ ಕಿಂಡಿ ಒಂದಿದ್ದರೆ ಮುಗೀತು.

ಕಾರ್ಡ್ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಮೋಸ ಹೋದೆ. ಸಂತೆಯಲ್ಲಿ ಒಬ್ಬ 64 ಜಿಬಿ ಕಾರ್ಡ್ ಇನ್ನೂರೈವತ್ತಕ್ಕೆ ಕೊಟ್ಟ. ಖುಷಿಯಿಂದ ತಂದು ಹಾಡು ತುಂಬಿಸಿದೆ. ಫೈಲ್ ಎಲ್ಲಾ ಕಾಣುತ್ತಿದ್ದವು, ಹಾಡು ಮಾತ್ರ ಬರುತ್ತಿರಲಿಲ್ಲ. ನಿಜವಾಗಿ ಇದ್ದದ್ದು 8 ಜಿಬಿ, ಸುಳ್ಳು ಹೇಳುವ ಹಾಗೆ ಮಾಡಿಟ್ಟಿದ್ದರು. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಪ್ರೋಗ್ರಾಂ ಇದೆ, ಕಾರ್ಡ್ ತುಂಬ ಬರೆದು ಮತ್ತೆ ಓದಿ ನೋಡುತ್ತದೆ. ಕೊಂಡ ದಿನವೇ ಅದನ್ನು ಓಡಿಸಿ. ಇನ್ನೊಂದು, 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಅನ್ನುವ ಬೇರೆ ಫಾರ್ಮ್ಯಾಟ್‌ನಲ್ಲಿ, ಅಂದರೆ ಫೈಲ್ ಜೋಡಿಸಿಡುವ ಬೇರೆ ರೀತಿಯಲ್ಲಿ ಬರುತ್ತವೆ. ಅಗ್ಗದ ಪ್ಲೇಯರ್‌ಗಳಲ್ಲಿ ಬಹಳಷ್ಟು ಅದನ್ನು ಓದಲ್ಲ. ಹಾಗಾಗಿ 32ಕ್ಕೇ ನಿಲ್ಲಿಸಿ.

ಇನ್ನು ಗಾತ್ರ. ಚಿಕ್ಕದಾದಷ್ಟೂ ಒಳ್ಳೆಯದು ಅಂತ ನಮಗೆ ಅನಿಸುತ್ತದೆ. ಹಿರಿಯರಿಗೆ ಅದು ಉಲ್ಟಾ. ಗುಂಡಿ ಚಿಕ್ಕದಾದರೆ ಒಂದೇ ಒತ್ತಿಗೆ ಎರಡು ಗುಂಡಿ ಒತ್ತುತ್ತಾರೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಚಾಲೂ ಮಾಡಲು ಹೋಗುವವರು, ಕತ್ತಲಲ್ಲಿ ಕೈಗೆ ಸಿಗುವಂತಿರಬೇಕು. ನಮ್ಮಪ್ಪನ ಬೆಂಕಿಪೊಟ್ಟಣ ಕೊನೆಗೆ ಅಂಗಿಯ ಜೊತೆ ನೀರಿಗೆ ಬಿತ್ತು, ಅವ್ವ ಜೇಬು ನೋಡದೆ ಬಟ್ಟೆ ನೆನೆಹಾಕಿದ್ದಳು. ಅಷ್ಟು ಚಿಕ್ಕದಿತ್ತು! ಬ್ಯಾಟರಿಯೂ ಗಾತ್ರಕ್ಕೆ ತಕ್ಕಷ್ಟೇ. ಅದು ಮೂರು ತಾಸು ಹಾಡಿ ಮಲಗುತ್ತಿತ್ತು. ಅಂಗೈಯಲ್ಲಿ ಅರ್ಧ ತುಂಬುವಷ್ಟು ಇದ್ದರೆ ಸಾಕು. ಚಾರ್ಜಿಂಗ್ ಕಿಂಡಿ ಟೈಪ್-ಸಿ ಇರಲಿ. ಹಳೆಯ ಮಿನಿ ಯುಎಸ್‌ಬಿ ಕೇಬಲ್ ಕಳೆದರೆ ಇನ್ನೊಂದು ಹುಡುಕಲು ಊರೆಲ್ಲ ತಿರುಗಬೇಕು.

ಎಲ್ಲಕ್ಕಿಂತ ಮುಖ್ಯ, ಯಾರೂ ಕೇಳದ ಒಂದು ಮಾತು: ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ನಿಂತ ಜಾಗದಿಂದಲೇ ಶುರುವಾಗುತ್ತದೆಯಾ? ಸಿನಿಮಾ ಹಾಡಿಗೆ ಇದು ಲೆಕ್ಕಕ್ಕಿಲ್ಲ. ಒಂದು ತಾಸಿನ ಪ್ರವಚನಕ್ಕೆ ಇದೇ ಜೀವ. ನಲವತ್ತನೇ ನಿಮಿಷಕ್ಕೆ ಯಾರೋ ಕರೆದರು ಅಂತ ನಿಲ್ಲಿಸಿದರೆ, ಮತ್ತೆ "ಶರಣು ಶರಣಾರ್ಥಿ"ಯಿಂದಲೇ ಕೇಳಬೇಕಾಗುತ್ತದೆ. ನಮ್ಮಪ್ಪ ಎರಡನೇ ಪ್ಲೇಯರನ್ನು ಮೂಲೆಗೆ ಎಸೆದದ್ದು ಇದೇ ಸಿಟ್ಟಿಗೆ.

ಐಪಾಡ್ ಬೇಡ. ದೊಡ್ಡ ಹಾರ್ಡ್ ಡಿಸ್ಕಿನ ಕ್ಲಾಸಿಕ್ 2014ರಲ್ಲೇ ನಿಂತಿತು, ಕೊನೆಯದಾಗಿ ಉಳಿದ ಟಚ್ 2022ರಲ್ಲಿ. ಗೆಳೆಯರು ಕೊಡುವುದರ ಬ್ಯಾಟರಿಗೆ ಎಷ್ಟು ವಯಸ್ಸಾಗಿದೆಯೋ. ಹಾಡು ಎಳೆದು ಹಾಕಲೂ ಬರಲ್ಲ, ಕಂಪ್ಯೂಟರಿನಲ್ಲಿ ಐಟ್ಯೂನ್ಸ್‌ನಂಥ ಪ್ರೋಗ್ರಾಂ ಮೂಲಕ ತುಂಬಬೇಕು. ಪುಕ್ಕಟೆ ಕೊಟ್ಟರೆ ನೀವೇ ಇಟ್ಟುಕೊಳ್ಳಿ.

ಸೋನಿ ವಾಕ್‌ಮನ್ (ಎನ್‌ಡಬ್ಲ್ಯೂ-ಎ306) ಚೆಂದದ ವಸ್ತು. 2023ರಲ್ಲಿ ಇಲ್ಲಿ ಬಂದಾಗ ಬೆಲೆ 25,990. ತೂಕ 113 ಗ್ರಾಂ, 32 ಜಿಬಿ, ಮೇಲೆ ಕಾರ್ಡ್ ಕಿಂಡಿ. ಆದರೆ ಒಳಗಿರುವುದು ಆಂಡ್ರಾಯ್ಡ್, ಅದೇ 32ರಲ್ಲಿ ದೊಡ್ಡ ಪಾಲು ನುಂಗುತ್ತದೆ. ಹಾಡು ಆರಿಸಲು ಪರದೆ ಮುಟ್ಟಲೇಬೇಕು. ಸ್ಮಾರ್ಟ್‌ಫೋನ್ ಒಗ್ಗದವರಿಗೆ ಫೋನ್ ಮಾಡಲು ಬಾರದ ಸ್ಮಾರ್ಟ್‌ಫೋನ್ ಕೊಟ್ಟಂತೆ ಅಲ್ವಾ? ಗುಣಮಟ್ಟ ಕಡಿಮೆಯಾಗದ ಫ್ಲ್ಯಾಕ್ ಫೈಲ್ ಇಟ್ಟುಕೊಂಡು, ಒಳ್ಳೆಯ ಇಯರ್‌ಫೋನ್ ಹಾಕಿ, ಕುಮಾರ ಗಂಧರ್ವರ ಒಂದು ರಾಗವನ್ನು ಉಸಿರು ಕೇಳುವಷ್ಟು ಹತ್ತಿರದಿಂದ ಕೇಳುವವರಿಗೆ ಅದು. ಅವರು ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದವರು, ಅದಕ್ಕೇ ಅವರ ಹೆಸರು ಬಾಯಿಗೆ ಬಂತು. ದುಡ್ಡಿದ್ದರೆ ನನಗೂ ಒಂದು ಬೇಕು.

ಇಯರ್‌ಫೋನ್ ಬಗ್ಗೆ ಒಂದು ಮಾತು. ನಮ್ಮ ಮಗ್ಗದ ಶೆಡ್‌ನಲ್ಲಿ ಲಾಳಿ ಸದ್ದಿಗೆ ಅಪ್ಪ ವಾಲ್ಯೂಮ್ ಏರಿಸುತ್ತಾ ಹೋದರು, ವೈರ್ ಬೇರೆ ಯಂತ್ರದ ಹತ್ತಿರ ಜೋತಾಡುತ್ತಿತ್ತು. ಕೊನೆಗೆ ಅದನ್ನು ಬಿಡಿಸಿದೆ. ತೋಟದಲ್ಲಿ ರಾತ್ರಿ ಎರಡೂ ಕಿವಿ ಮುಚ್ಚಿಕೊಂಡು ಓಡಾಡುವುದು ಇನ್ನೂ ಕೆಟ್ಟದ್ದು. ಹಾವಿನ ಸರಪರ ಕೇಳಿಸಬೇಕು, ಮೋಟರ್ ಸದ್ದು ಬದಲಾದದ್ದು ಕೇಳಿಸಬೇಕು. ಸಣ್ಣ ಸ್ಪೀಕರ್ ಒಳಗೇ ಇರುವ ಪ್ಲೇಯರ್ ಹುಡುಕಿ. ದನಿ ದೊಡ್ಡದಿರಲ್ಲ, ಮಾತು ಕೇಳಲು ಸಾಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಕಾರ್ಡಿನಲ್ಲಿ ಒಂದು ಪ್ರವಚನ ಒಯ್ಯಿರಿ. ಅಲ್ಲೇ ಹಾಕಿ, ನಡುವೆ ಬಂದ್ ಮಾಡಿ, ಮತ್ತೆ ಚಾಲೂ ಮಾಡಿ ನೋಡಿ. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಇಂಥ ಪರದೆಗಳಲ್ಲಿ ಬಹಳ ಸಲ ಬರೀ ಚೌಕ ಕಾಣುತ್ತವೆ. ಮೊದಲೇ 001, 002 ಅಂತ ಅಂಕಿ ಹಾಕಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ತುಂಬುವಾಗಲೂ ಅದೇ ಕ್ರಮದಲ್ಲಿ ಒಂದೊಂದಾಗಿ ಹಾಕಿ. ಕೆಲವು ಪ್ಲೇಯರ್ ಹೆಸರು ನೋಡಲ್ಲ, ಯಾವುದು ಮೊದಲು ಕಾರ್ಡಿಗೆ ಹೋಯಿತೋ ಅದನ್ನೇ ಮೊದಲು ಹಾಡುತ್ತವೆ. ನೂರಾರು ಫೈಲಿಗೆ ಅಂಕಿ ಹಾಕುವುದು ಬೇಜಾರು ಅನಿಸಿದರೆ ಇಲ್ಲೇ ಕೇಳಿ, ಒಂದೇ ಸಲ ಎಲ್ಲದರ ಹೆಸರು ಬದಲಿಸುವುದನ್ನು ಹೇಳಿಕೊಡುತ್ತೇನೆ.