‘ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ಸಚಿವರು ಉತ್ತರಿಸಿದ ಮೇಲೆ

ಓದುಗರ ಪತ್ರ: ಬೆಂಗಳೂರಿನ ಪೂರ್ವದ ಅಂಚಿನ ಬಡಾವಣೆಯೊಂದರ ನಿವಾಸಿಗಳ ಸಂಘದವರು ಹೀಗೆ ಬರೆದಿದ್ದಾರೆ: “ನಮ್ಮ ಕೆರೆಗೆ ಕೊಳಚೆ ನೀರು ಸೇರುತ್ತಿರುವ ಬಗ್ಗೆ ಶಾಸಕರು ಕಳೆದ ಅಧಿವೇಶನದಲ್ಲಿ ಪ್ರಶ್ನೆ ಕೇಳಿದರು. ‘ಗಮನಕ್ಕೆ ಬಂದಿದೆ, ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದು ಸಚಿವರು ಉತ್ತರಿಸಿದರು. ಕೆರೆ ಮಾತ್ರ ಹಾಗೇ ಇದೆ. ಸದನದಲ್ಲಿ ಪ್ರಶ್ನೆ ಕೇಳುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಉತ್ತರದ ಪ್ರತಿಯನ್ನು ಲಗತ್ತಿಸಿದ್ದೇವೆ.”

ಸಂಪಾದಕರ ಉತ್ತರ: ಆಗುತ್ತದೆ. ಆದರೆ ನಿಮ್ಮ ಶಾಸಕರು ಕೇಳಿದ ರೀತಿಯಲ್ಲಿ ಕೇಳಿದರೆ ಯಾವ ಸಚಿವರಿಂದಲೂ ಇದಕ್ಕಿಂತ ಹೆಚ್ಚಿನದು ಬರುವುದಿಲ್ಲ. ನೀವು ಕಳಿಸಿದ ಹಾಳೆಯನ್ನೇ ನೋಡೋಣ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಕೆರೆಗೆ ಕೊಳಚೆ ನೀರು ಹರಿಯುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿದೆ.’ (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? ‘ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ.’ ಕೇಳಿದ್ದಕ್ಕೆ ಉತ್ತರ ಬಂದಿದೆ, ಅದರಲ್ಲಿ ಸುಳ್ಳೇನೂ ಇಲ್ಲ. ಒಂದು ಅಂಕಿಯಾಗಲಿ ದಿನಾಂಕವಾಗಲಿ ಮಾತ್ರ ಇಲ್ಲ, ಏಕೆಂದರೆ ಪ್ರಶ್ನೆ ಅದನ್ನು ಕೇಳಿಯೇ ಇಲ್ಲ.

ಉತ್ತರ ಸಿದ್ಧವಾಗುವ ದಾರಿ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಶಾಸಕರ ಸೂಚನೆ, ಅಂದರೆ ಪ್ರಶ್ನೆ ಕೇಳಲು ಅವರು ಬರೆದುಕೊಡುವ ಪತ್ರ, ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಮಂಡಳಿಗೋ ಪಾಲಿಕೆಗೋ, ಅಲ್ಲಿಂದ ಮುಖ್ಯ ಎಂಜಿನಿಯರ್, ಕಾರ್ಯಪಾಲಕ ಎಂಜಿನಿಯರ್ ದಾಟಿ ಸ್ಥಳದ ಸಹಾಯಕ ಎಂಜಿನಿಯರ್ ಮೇಜಿಗೆ ಬರುತ್ತದೆ. ಅವರು ಬರೆದದ್ದು ಅದೇ ಮೆಟ್ಟಿಲು ಹತ್ತಿ ಸಚಿವರ ಸಹಿಗೆ ಹೋಗುತ್ತದೆ. ಹತ್ತುವಾಗ ಪ್ರತಿ ಹಂತದಲ್ಲೂ ಒಂದೊಂದು ವಿವರ ಕಳಚುತ್ತದೆ. ಪ್ರಶ್ನೆ ಹೆಸರು ಹಿಡಿದು ಕೇಳದ ಯಾವುದನ್ನೂ ಯಾರೂ ಉಳಿಸಿಕೊಳ್ಳುವುದಿಲ್ಲ.

‘ಬಂದಿದ್ದಲ್ಲಿ’ ಎಂಬ ಪದವನ್ನು ಗಮನಿಸಿ. ಸದನದ ಪ್ರಶ್ನೆಗಳನ್ನು ಇದು ಹಾಳುಮಾಡಿದಷ್ಟು ಬೇರೇನೂ ಹಾಳುಮಾಡಿಲ್ಲ. (ಅ)ಗೆ ಅಧಿಕಾರಿ ‘ಇಲ್ಲ’ ಎಂದು ಬರೆದುಬಿಟ್ಟರೆ (ಆ), (ಇ), (ಈ) ಮೂರಕ್ಕೂ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ ಸಾಕಾಗುತ್ತದೆ. ಪ್ರತಿ ಉಪಭಾಗವೂ ಬೇರೆಯದನ್ನು ನೆಚ್ಚದೆ ತಾನೇ ನಿಲ್ಲುವಂತಿರಬೇಕು.

ನಿಮ್ಮ ಕೆರೆಯ ಪ್ರಶ್ನೆಯನ್ನು ಹೀಗೆ ಬರೆಯಬಹುದು:

(ಅ) ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನ ಕೆರೆಗೆ ಇರುವ ಒಳಹರಿವುಗಳೆಷ್ಟು; ಅವುಗಳ ಪೈಕಿ ಶುದ್ಧೀಕರಿಸದ ಕೊಳಚೆ ಹರಿಯುತ್ತಿರುವುದು ಎಷ್ಟರಲ್ಲಿ?

(ಆ) ಈ ಕೆರೆಯ ಜಲಾನಯನ ಪ್ರದೇಶದಲ್ಲಿ ದಿನಕ್ಕೆ ಉತ್ಪತ್ತಿಯಾಗುವ ಕೊಳಚೆ ನೀರು ಎಷ್ಟು ದಶಲಕ್ಷ ಲೀಟರ್. ಅದಕ್ಕಿರುವ ಶುದ್ಧೀಕರಣ ಘಟಕದ ಸಾಮರ್ಥ್ಯವೆಷ್ಟು. ಕಳೆದ 12 ತಿಂಗಳಲ್ಲಿ ವಾಸ್ತವವಾಗಿ ಶುದ್ಧೀಕರಿಸಿದ ಪ್ರಮಾಣವೆಷ್ಟು? (ತಿಂಗಳವಾರು ವಿವರ ನೀಡುವುದು)

(ಇ) ಕೊಳಚೆ ತಿರುಗಿಸುವ ಕಾಮಗಾರಿಯ ಕಾರ್ಯಾದೇಶದ ದಿನಾಂಕ, ಗುತ್ತಿಗೆ ಮೊತ್ತ, ಮುಗಿಯಬೇಕಿದ್ದ ದಿನಾಂಕ, ಈವರೆಗಿನ ಭೌತಿಕ ಪ್ರಗತಿ ಮತ್ತು ಪಾವತಿಸಿದ ಮೊತ್ತವೆಷ್ಟು?

(ಈ) ಕಾಮಗಾರಿ ಯಾವ ದಿನಾಂಕದೊಳಗೆ ಪೂರ್ಣಗೊಳ್ಳುವುದು?

ಇದಕ್ಕೆ ‘ಅಗತ್ಯ ಕ್ರಮ’ ಎಂದು ಬರೆದು ಮುಗಿಸಲಾಗದು. ಖಾಲಿ ಬಿಟ್ಟ ಕಾಲಂ ಎದ್ದು ಕಾಣುತ್ತದೆ. (ಆ) ಭಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಘಟಕದ ಸಾಮರ್ಥ್ಯ ಮತ್ತು ನಿಜವಾಗಿ ಶುದ್ಧೀಕರಿಸಿದ ಪ್ರಮಾಣ, ಇವೆರಡನ್ನೂ ಒಟ್ಟಿಗೆ ಕೇಳಬೇಕು. ಸಾಮರ್ಥ್ಯ ಹೆಚ್ಚಿದ್ದು ಶುದ್ಧೀಕರಣ ಕಡಿಮೆ ಇದ್ದರೆ ಕೊಳಚೆ ಘಟಕದವರೆಗೆ ತಲುಪುತ್ತಿಲ್ಲ, ಅಂದರೆ ಕೊಳವೆಮಾರ್ಗ ಎಲ್ಲೋ ಕಡಿದಿದೆ, ಇಲ್ಲವೇ ವೆಟ್‌ವೆಲ್ಲಿನ (ಕೊಳಚೆ ಸಂಗ್ರಹಿಸಿ ಮುಂದಕ್ಕೆ ಪಂಪ್ ಮಾಡುವ ಬಾವಿಯ) ಪಂಪು ಓಡುತ್ತಿಲ್ಲ. ಉತ್ಪತ್ತಿಗಿಂತ ಸಾಮರ್ಥ್ಯವೇ ಕಡಿಮೆಯಿದ್ದರೆ ಬೇಕಾದದ್ದು ಹೊಸ ಘಟಕ. ಎರಡಕ್ಕೂ ಮದ್ದು ಬೇರೆ. ಅಂಕಿ ಕೈಗೆ ಬರುವ ತನಕ ನೀವು ಕೂಗುತ್ತಿರುವುದು ಯಾವುದಕ್ಕೆ ಎಂದು ನಿಮಗೇ ಗೊತ್ತಿರುವುದಿಲ್ಲ.

ಸರ್ವೆ ನಂಬರು, ಗ್ರಾಮ, ಹೋಬಳಿ ಬರೆಯಲೇಬೇಕು. ‘ದೊಡ್ಡಕೆರೆ’ ಎಂಬ ಹೆಸರಿನ ಕೆರೆ ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇರುತ್ತವೆ, ಬೇರೆ ಕೆರೆಯ ವಿವರ ಬಂದರೆ ಒಂದು ಅಧಿವೇಶನ ಹೋದಂತೆ. ಅವಧಿಯೂ ಹಿಡಿತದಲ್ಲಿರಲಿ. ‘ಕಳೆದ 15 ವರ್ಷಗಳಲ್ಲಿ ನಗರದ ಎಲ್ಲ ಕೆರೆಗಳ’ ಎಂದು ಕೇಳಿದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬುದು ಬಹುಪಾಲು ಖಾತ್ರಿ. ಒಂದು ಕೆರೆ, ಹೆಚ್ಚೆಂದರೆ ಮೂರು ವರ್ಷ.

ಇನ್ನು, ಯಾರನ್ನು ಕೇಳುವುದು? ಬೆಂಗಳೂರಿನಲ್ಲಿ ಒಂದು ಕೆರೆಗೆ ಒಡೆಯರು ಹಲವರು. ಒಳಚರಂಡಿ ಮತ್ತು ಶುದ್ಧೀಕರಣ ಘಟಕ ಜಲಮಂಡಳಿಯದು, ಅದಕ್ಕೆ ಉತ್ತರಿಸುವುದು ನಗರಾಭಿವೃದ್ಧಿ ಇಲಾಖೆ. ರಾಜಕಾಲುವೆ ಪಾಲಿಕೆಯದು. ಗಡಿ ಅಳತೆ ಮತ್ತು ಒತ್ತುವರಿ ಕಂದಾಯ ಇಲಾಖೆಗೆ ಸೇರಿದ್ದು. ನೀರಿನ ಗುಣಮಟ್ಟದ ಪರೀಕ್ಷೆ, ಅಪಾರ್ಟ್‌ಮೆಂಟ್‌ಗಳ ಸ್ವಂತ ಘಟಕಗಳ ಮೇಲಿನ ನಿಗಾ ಮಾಲಿನ್ಯ ನಿಯಂತ್ರಣ ಮಂಡಳಿಯದು, ಅದು ಪರಿಸರ ಸಚಿವರ ವ್ಯಾಪ್ತಿ. ಕೆರೆ ಸಂರಕ್ಷಣಾ ಪ್ರಾಧಿಕಾರ ಸಣ್ಣ ನೀರಾವರಿ ಇಲಾಖೆಯಡಿ ಬರುತ್ತದೆ. ಎಲ್ಲವನ್ನೂ ಒಂದೇ ಪ್ರಶ್ನೆಗೆ ತುರುಕಿ ಒಬ್ಬ ಸಚಿವರಿಗೆ ಕಳಿಸಿದರೆ ಅದು ಇಲಾಖೆಯಿಂದ ಇಲಾಖೆಗೆ ವರ್ಗಾವಣೆಯಾಗುತ್ತಾ ದಿನ ಕಳೆಯುತ್ತದೆ. ಇಲಾಖೆಗೊಂದು ಪ್ರಶ್ನೆಯಂತೆ ಒಡೆಯಿರಿ. ವಾರದ ಯಾವ ದಿನ ಯಾವ ಇಲಾಖೆಯ ಸರದಿ ಎಂಬ ಪಟ್ಟಿ ಪ್ರತಿ ಅಧಿವೇಶನಕ್ಕೂ ಪ್ರಕಟವಾಗುತ್ತದೆ, ಅದನ್ನು ನೋಡಿಕೊಂಡೇ ಸೂಚನೆ ಕೊಡಬೇಕು.

ಪರಿಸರ ಸಚಿವರಿಗೆ ಹೋಗುವ ಪ್ರಶ್ನೆಯಲ್ಲಿ ‘ನೀರು ಕಲುಷಿತವಾಗಿದೆಯೇ’ ಎಂದು ಕೇಳಬೇಡಿ. ಕಳೆದ 12 ತಿಂಗಳ ಪ್ರತಿ ಪರೀಕ್ಷೆಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಎಷ್ಟು ಮಿಲಿಗ್ರಾಂ, ಕೆರೆಗೆ ಕೊಟ್ಟ ದರ್ಜೆ ಯಾವುದು ಎಂದು ಕೇಳಿ. ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ‘ಡಿ’ ದರ್ಜೆಯ ನೀರಿನಲ್ಲಿ ಅದು ಕನಿಷ್ಠ 4 ಮಿಲಿಗ್ರಾಂ ಇರಬೇಕು. ಅದಕ್ಕಿಂತ ಕೆಳಗಿನ ಅಂಕಿ ಸಚಿವರ ಸಹಿಯಡಿ ಬಂದರೆ ಅದರ ತೂಕವೇ ಬೇರೆ.

ಪ್ರಶ್ನೆ ತಿರಸ್ಕೃತವಾಗದಂತೆ ನೋಡಿಕೊಳ್ಳಬೇಕಾದ್ದೂ ಇದೆ. ವಾದ, ಆರೋಪ, ಅಭಿಪ್ರಾಯ ಕೇಳುವುದು, ‘ಹೀಗಾದರೆ ಏನು ಮಾಡುತ್ತೀರಿ’ ಎಂಬ ಊಹೆ, ಇವ್ಯಾವುದೂ ಪ್ರಶ್ನೆಯಲ್ಲಿ ಸಲ್ಲದು. ‘ಅಧಿಕಾರಿಗಳ ಬೇಜವಾಬ್ದಾರಿಯಿಂದ’ ಎಂಬ ಒಂದು ಮಾತು ಸಾಕು, ಸೂಚನೆ ತಿದ್ದುಪಡಿಗೆ ಹಿಂದೆ ಬರುತ್ತದೆ. ನ್ಯಾಯಾಲಯದ ಮುಂದಿರುವ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಗರದ ಎಷ್ಟೋ ಕೆರೆಗಳು ಹೈಕೋರ್ಟಿನಲ್ಲೋ ಹಸಿರು ನ್ಯಾಯಮಂಡಳಿಯಲ್ಲೋ ಇವೆ. ವ್ಯಾಜ್ಯದ ಸರಿತಪ್ಪು ಬಿಡಿ, ಕಾಮಗಾರಿ ಎಲ್ಲಿಗೆ ಬಂತು, ಎಷ್ಟು ಖರ್ಚಾಯಿತು ಎಂಬ ಸಂಗತಿಯನ್ನಷ್ಟೇ ಕೇಳಿ.

ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆಯೋ, ಲಿಖಿತ ಉತ್ತರ ಮಾತ್ರ ಬರುವ ಚುಕ್ಕೆ ಗುರುತಿಲ್ಲದ್ದೋ? ಎಲ್ಲರಿಗೂ ಮೊದಲನೆಯದರ ಮೇಲೇ ಆಸೆ, ಏಕೆಂದರೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಟೀವಿಯಲ್ಲಿ ಬರುತ್ತದೆ. ಆದರೆ ಸಿಗುವ ಸಮಯ ಕಡಿಮೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿದ್ದರೂ ಬಾಯಿಮಾತಿನ ಉತ್ತರದ ಸರದಿ ಬರುವುದು ಮೊದಲ ಕೆಲವಕ್ಕೆ ಮಾತ್ರ. ನಮ್ಮ ಸದನದಲ್ಲೂ ಸಮಯ ಮುಗಿದರೆ ಉಳಿದವುಗಳ ಉತ್ತರವನ್ನು ಸದನದ ಮುಂದಿಟ್ಟು ಮುಂದಕ್ಕೆ ಹೋಗುತ್ತಾರೆ. ಕೇಳಿದ ಸದಸ್ಯರು ಗೈರಾಗಿದ್ದರಂತೂ ಆ ಪ್ರಶ್ನೆಯ ಅವಕಾಶ ಹೋಯಿತು.

ನಮ್ಮ ಸಲಹೆ ಇದು: ಮೊದಲ ಅಧಿವೇಶನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿ ಅಂಕಿಗಳನ್ನು ಲಿಖಿತವಾಗಿ ಪಡೆಯಿರಿ. ಮುಂದಿನ ಅಧಿವೇಶನದಲ್ಲಿ ಆ ಅಂಕಿಗಳನ್ನೇ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿಸಿ. 1957ರಲ್ಲಿ ಲೋಕಸಭೆಯಲ್ಲಿ ಮುಂದ್ರಾ ಹಗರಣ ಹೊರಬಿದ್ದದ್ದೂ ಹೆಚ್ಚುಕಡಿಮೆ ಈ ಕ್ರಮದಲ್ಲೇ. ಜೀವ ವಿಮಾ ನಿಗಮದ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ತೊಡಗಿದೆಯೇ ಎಂದು ಸಂಸದ ರಾಮ್ ಸುಭಗ್ ಸಿಂಗ್ ಪ್ರಶ್ನೆ ಕೇಳಿದರು. ಬಂದ ಉತ್ತರಗಳನ್ನು ಜೋಡಿಸಿ ನೋಡಿದ ಫಿರೋಜ್ ಗಾಂಧಿ ಡಿಸೆಂಬರ್‌ನಲ್ಲಿ ವಿಷಯವನ್ನು ಸದನದಲ್ಲಿ ಬಿಡಿಸಿಟ್ಟರು. ಆರು ಕಂಪನಿಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ್ದ ವಿಷಯ ಅದು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಆಯೋಗದ ವಿಚಾರಣೆಯಾಯಿತು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳಿದವರೂ ಬಿಡಿಸಿಟ್ಟವರೂ ಇಬ್ಬರೂ ಆಡಳಿತ ಪಕ್ಷದವರು. ‘ನಮ್ಮ ಶಾಸಕರು ಆಡಳಿತ ಪಕ್ಷದವರು, ಹೇಗೆ ಕೇಳಿಯಾರು’ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಉತ್ತರ ಬಂದ ಕೂಡಲೇ ಅದರ ಮೇಲೆ ಸದನದಲ್ಲೇ ಕೇಳುವ ಉಪಪ್ರಶ್ನೆಯೇ ನಿಜವಾದ ಪರೀಕ್ಷೆ. ಮುದ್ರಿತ ಉತ್ತರ ಅಧಿಕಾರಿಗಳದು, ಉಪಪ್ರಶ್ನೆ ಬಂದಾಗ ಸಚಿವರು ತಾವೇ ಮಾತಾಡಬೇಕು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವಷ್ಟರಲ್ಲಿ ಒಂದು ಮಾತು ಕೊಟ್ಟಿರುತ್ತಾರೆ. ಅದಕ್ಕೆ ಶಾಸಕರ ಕೈಯಲ್ಲಿ ಅರ್ಧ ಪುಟದ ಟಿಪ್ಪಣಿ ಇರಬೇಕು, 40 ಪುಟದ ಕಡತವಲ್ಲ. ಒಂದಕ್ಕೊಂದು ತಾಳೆಯಾಗದ ಎರಡು ಅಂಕಿ ಬರೆದುಕೊಡಿ. ‘ಕಾಮಗಾರಿ 90 ಭಾಗ ಮುಗಿದಿದೆ ಎನ್ನುತ್ತೀರಿ, ಶುದ್ಧೀಕರಿಸಿದ ಪ್ರಮಾಣ ಹೋದ ವರ್ಷದಷ್ಟೇ ಇದೆ. ಏಕೆ?’ ಈ ರೀತಿಯ ಎರಡು ಸಾಲು ಸಾಕು. ಎಷ್ಟೋ ಶಾಸಕರು ಐದು ನಿಮಿಷದ ಪೀಠಿಕೆಯಲ್ಲಿ ಈ ಅವಕಾಶ ಕಳೆದುಕೊಳ್ಳುತ್ತಾರೆ, ಸ್ಪೀಕರ್ ‘ಪ್ರಶ್ನೆ ಕೇಳಿ’ ಎನ್ನುವ ಹೊತ್ತಿಗೆ ಮುಂದಿನವರ ಹೆಸರು ಕರೆದಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಉತ್ತರ ಬಂದ ಮೇಲೆ ಮಾಡುವ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ‘ಮೂರು ತಿಂಗಳಲ್ಲಿ ಪೂರ್ಣಗೊಳಿಸಲಾಗುವುದು’, ‘ಪರಿಶೀಲಿಸಿ ಕ್ರಮ ವಹಿಸಲಾಗುವುದು’ ಎಂಬ ಮಾತುಗಳನ್ನು ಭರವಸೆ ಎಂದು ಗುರುತಿಸಿ ಬೆನ್ನುಹತ್ತುವುದಕ್ಕೆಂದೇ ಸದನಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇಂಥ ಸಮಿತಿ 1953ರಿಂದಲೂ ಇದೆ. ನಿಮ್ಮ ಉತ್ತರದಲ್ಲಿ ಅಂಥ ಸಾಲಿದ್ದರೆ ದಿನಾಂಕ ಮತ್ತು ಪ್ರಶ್ನೆ ಸಂಖ್ಯೆ ನಮೂದಿಸಿ, ಅದನ್ನು ಸಮಿತಿಯ ಗಮನಕ್ಕೆ ತರುವಂತೆ ಶಾಸಕರಿಗೆ ಬರೆಯಿರಿ. ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ಕೇಳಬಲ್ಲದು.

ಹಾಳೆಯ ಕೆಳತುದಿಯಲ್ಲಿ, ಸಚಿವರ ಸಹಿಯ ಎಡಕ್ಕೆ, ಸಣ್ಣ ಅಕ್ಷರದಲ್ಲಿ ಇಲಾಖೆಯ ಕಡತ ಸಂಖ್ಯೆ ಇದೆ ನೋಡಿ. ಅದೇ ನಿಮಗೆ ಮುಂದಿನ ಕೀಲಿ. ಆ ಸಂಖ್ಯೆ ನಮೂದಿಸಿ, ಉತ್ತರ ತಯಾರಿಸಲು ಕೆಳಗಿನ ಕಚೇರಿಗಳಿಂದ ಬಂದ ವರದಿಗಳ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಎಂಜಿನಿಯರ್ ಬರೆದದ್ದಕ್ಕೂ ಸಚಿವರು ಹೇಳಿದ್ದಕ್ಕೂ ಇರುವ ಅಂತರ ಆ ವರದಿಗಳಲ್ಲಿ ಕಾಣುತ್ತದೆ. ಉತ್ತರವೇ ತಪ್ಪು ಎಂದು ದಾಖಲೆ ಸಮೇತ ತೋರಿಸಿದರೆ ಸಚಿವರು ತಿದ್ದಬೇಕಾಗುತ್ತದೆ. ಗೊತ್ತಿದ್ದೂ ಸದನದ ದಾರಿ ತಪ್ಪಿಸಿದ್ದರೆ ಅದು ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ವಿಷಯ. ‘ಅನುಬಂಧದಲ್ಲಿ ನೀಡಲಾಗಿದೆ’ ಎಂದಿದ್ದರೆ ಅನುಬಂಧ ನಿಜಕ್ಕೂ ಲಗತ್ತಾಗಿದೆಯೇ ಎಂದು ಅದೇ ದಿನ ನೋಡಿ.

ಇಷ್ಟೆಲ್ಲ ಭಾರ ಶಾಸಕರ ಮೇಲೇ ಏಕೆ ಎಂದು ನಿಮಗೆ ಅನ್ನಿಸಬಹುದು. ಚರಂಡಿಯ ವಿಷಯ ಪಾಲಿಕೆ ಸಭೆಯಲ್ಲಿ ಮುಗಿಯಬೇಕಿತ್ತು, ನಿಜ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಈ ನಗರ ವರ್ಷಗಟ್ಟಲೆ ಕಾರ್ಪೊರೇಟರ್‌ಗಳಿಲ್ಲದೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾದಾಗಲೂ ಅವುಗಳಲ್ಲಿ ಕೂತದ್ದು ಅಧಿಕಾರಿಗಳೇ. ಆ ಕಾಲದಲ್ಲಿ ನಗರದ 28 ಶಾಸಕರ ಪ್ರಶ್ನೆಗಳನ್ನು ಬಿಟ್ಟರೆ ಜನರಿಗೆ ಲೆಕ್ಕ ಕೇಳುವ ವೇದಿಕೆ ಇರಲಿಲ್ಲ. ಆದ್ದರಿಂದಲೇ ಒಂದು ಪ್ರಶ್ನೆ ವ್ಯರ್ಥವಾದರೂ ನಮಗೆ ನೋವಾಗುತ್ತದೆ.

ಶಾಸಕರು ಕಿವಿಗೊಡದಿದ್ದರೆ ಮೇಲ್ಮನೆಯ ಬಾಗಿಲು ತೆರೆದಿದೆ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ಏಳು ಮಂದಿ ಪದವೀಧರರಿಂದ, ಏಳು ಮಂದಿ ಶಿಕ್ಷಕರಿಂದ ಆಯ್ಕೆಯಾದವರು. ನಿಮ್ಮ ಸಂಘದ ಪದವೀಧರರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿದ್ದರೆ ಆ ಸದಸ್ಯರೂ ನಿಮ್ಮ ಪ್ರತಿನಿಧಿಯೇ. ಪ್ರಶ್ನೆಯ ಜೊತೆಗೆ ಅಲ್ಲಿ ನಿಯಮ 72ರಡಿ, ವಿಧಾನಸಭೆಯಲ್ಲಾದರೆ ನಿಯಮ 73ರಡಿ ಗಮನ ಸೆಳೆಯುವ ಸೂಚನೆಗೂ ಅವಕಾಶವಿದೆ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದು ಕೊಳಚೆ ಮನೆಗೆ ನುಗ್ಗಿದಂಥ ತುರ್ತಿಗೆ ಅದು ಸರಿ, ತಿಂಗಳವಾರು ಅಂಕಿಗೆ ಪ್ರಶ್ನೆಯೇ ಸರಿ.

ಕೊನೆಯದಾಗಿ ವೇಳೆಯ ವಿಷಯ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲೇ ರಾಜ್ಯ ಕಾಯ್ದೆ ಮಾಡಿಕೊಂಡಿದೆ, ಆದರೂ ಅಷ್ಟು ದಿನ ಸೇರುವುದು ಅಪರೂಪ. ಸೂಚನೆಯನ್ನು ಉತ್ತರದ ದಿನಕ್ಕಿಂತ ಸುಮಾರು ಎರಡು ವಾರ ಮೊದಲೇ ಕೊಟ್ಟಿರಬೇಕು. ಅಧಿವೇಶನ ಶುರುವಾದ ಮೇಲೆ ಶಾಸಕರ ಮನೆಗೆ ಹೋದರೆ ಆ ಸಲದ್ದು ಮುಗಿದಂತೆ. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ, ಹಾಗಾಗಿ ಅಕ್ಟೋಬರ್ ಹೊತ್ತಿಗೆ ಕರಡು ಸಿದ್ಧವಿರಲಿ. ಇಲಾಖೆಗೊಂದರಂತೆ ಪ್ರತ್ಯೇಕ ಹಾಳೆಯಲ್ಲಿ ಟೈಪ್ ಮಾಡಿ, ಮೇಲೆ ಸಚಿವರ ಖಾತೆ, ಕೆಳಗೆ ಸದಸ್ಯರ ಸಹಿಗೆ ಜಾಗ ಬಿಟ್ಟು, ಶಾಸಕರಿಗೂ ಅವರ ಆಪ್ತ ಸಹಾಯಕರಿಗೂ ಒಂದೊಂದು ಪ್ರತಿ ಕೊಡಿ. ಸೂಚನೆ ಸಲ್ಲಿಸಿದ ದಿನಾಂಕವನ್ನು ಕೇಳಿ ಬರೆದಿಟ್ಟುಕೊಳ್ಳಿ. ಪತ್ರದ ಜೊತೆಗೆ ಕೆರೆಯ ಸರ್ವೆ ನಂಬರ್ ಕಳಿಸಿದರೆ ಕರಡನ್ನು ನಾವೂ ಒಮ್ಮೆ ತಿದ್ದಿಕೊಡುತ್ತೇವೆ.