ಸಿಯಾಟಲ್‌ನ ಚಳಿಮಳೆಯಲ್ಲಿ ಮೀನು ಹಿಡಿಯಲು, ಕಯಾಕ್‌ನಲ್ಲಿ ಹೋಗಲು ಯಾವ ರೇನ್‌ಕೋಟ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ಉದ್ದವಾಗಿತ್ತು. ನನಗೆ ಅರ್ಥವಾದಷ್ಟು ಇಷ್ಟು: ಬೆಂಗಳೂರಿನಿಂದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬಂದಿದ್ದೀರಿ, ಬೇಸಿಗೆಯಲ್ಲಿ ಒಂದು ಕಯಾಕ್ (ಹುಟ್ಟು ಹಾಕುವ ಕಿರಿದಾದ ಚಿಕ್ಕ ದೋಣಿ) ಕೊಂಡಿದ್ದೀರಿ, ಈಗ ಮಳೆ ಶುರುವಾಯಿತೆಂದು ಮಾರ್ಚ್‌ವರೆಗೂ ಮನೆಯಲ್ಲಿ ಕೂರಲು ಮನಸ್ಸಿಲ್ಲ. ಅಂಗಡಿಯಲ್ಲಿ 400 ಡಾಲರ್‌ನ ಗೋರ್‌ಟೆಕ್ಸ್ (ಮಳೆ ತಡೆದು ಬೆವರಿನ ಆವಿ ಬಿಡುವ ಪೊರೆಯ) ಜಾಕೆಟ್ ಒಂದು ಕಣ್ಣಿಗೆ ಬಿದ್ದಿದೆ. ಪಿಯರ್ (ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆ) ಮೇಲೆ ನಿಂತು ಗಾಳ ಹಾಕುವುದಕ್ಕೂ, ಕಯಾಕ್‌ಗೂ ಅದೊಂದೇ ಸಾಕಾ? ಒಂಬತ್ತು ವರ್ಷದ ಮಗನಿಗೆ ಏನು ಕೊಡಿಸಲಿ?

ಆ ಜಾಕೆಟ್ ಬೇಡ. ಪಿಯರ್‌ಗೆ ಅದು ದಂಡ, ಕಯಾಕ್‌ಗೆ ಅದು ಸಾಲದು.

ಮೊದಲು ಇಲ್ಲಿಯ ಮಳೆಯ ಬಗ್ಗೆ. ವರ್ಷಕ್ಕೆ ಬೀಳುವ ಮಳೆ ಲೆಕ್ಕ ಹಾಕಿದರೆ ಸಿಯಾಟಲ್ಲೂ ಬೆಂಗಳೂರೂ ಹೆಚ್ಚೂಕಮ್ಮಿ ಒಂದೇ, ಎರಡೂ ಕಡೆ 1000 ಮಿಲಿಮೀಟರ್‌ಗೆ ಸ್ವಲ್ಪ ಕಡಿಮೆ. ಆದರೆ ಬೆಂಗಳೂರಲ್ಲಿ ಸಂಜೆ ಒಂದು ಗಂಟೆ ಸುರಿದು ರಸ್ತೆಯೆಲ್ಲ ಕೆರೆ ಮಾಡಿ ನಿಂತುಬಿಡುವ ಮಳೆ, ಇಲ್ಲಿ ತಿಂಗಳುಗಟ್ಟಲೆ ಜಿಟಿಜಿಟಿ ಅನ್ನುತ್ತಲೇ ಇರುತ್ತದೆ. ಮಳೆಯ ಜೋರಿಗೆ ಹೆದರಬೇಕಾದ ಊರಲ್ಲ ಇದು. ನಾನು ತೀರ್ಥಹಳ್ಳಿ ಕಡೆಯವನು, ಇಲ್ಲಿಯವರು ಮಳೆ ಮಳೆ ಅಂದಾಗ ನಗು ಬರುತ್ತದೆ. ಆದರೆ ನಮ್ಮೂರ ಮಳೆಯಲ್ಲಿ ನೆಂದರೆ ಹೆಚ್ಚೆಂದರೆ ನೆಗಡಿ. ಇಲ್ಲಿ ಐದಾರು ಡಿಗ್ರಿ ಚಳಿಯಲ್ಲಿ, ಗಾಳಿ ಬೀಸುವಾಗ ಒದ್ದೆ ಅಂಗಿಯಲ್ಲಿ ಎರಡು ಗಂಟೆ ನಿಂತರೆ ಬೆರಳು ಗಾಳದ ಗಂಟು ಹಾಕುವುದನ್ನೂ ಮರೆಯುತ್ತದೆ.

ಅದಕ್ಕಿಂತ ಮುಖ್ಯ, ನೀರು. ಸಿಯಾಟಲ್ ಪಕ್ಕದವರೆಗೆ ಒಳಚಾಚಿದ ಸಮುದ್ರ ಪ್ಯುಜೆಟ್ ಸೌಂಡ್‌ನ ನೀರು ಚಳಿಗಾಲದಲ್ಲಿ 8 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆಗಸ್ಟ್‌ನ ಬಿಸಿಲಲ್ಲೂ 13ರ ಹತ್ತಿರ. ವಾಷಿಂಗ್ಟನ್ ಸರೋವರ ಬೇಸಿಗೆಯಲ್ಲಿ 20 ದಾಟುತ್ತದೆ, ನೀವು ಜುಲೈನಲ್ಲಿ ಆಡಿದ್ದು ಆ ನೀರಲ್ಲಿ. ಜನವರಿಯಲ್ಲಿ ಅದೇ ಸರೋವರವೂ ಸಮುದ್ರದಷ್ಟೇ ತಣ್ಣಗಾಗಿರುತ್ತದೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರ್ ತಾವೇ ಮತ್ತೆ ಮತ್ತೆ ಹಿಮದ ನೀರಿಗಿಳಿದು ಅಧ್ಯಯನ ಮಾಡಿದವರು. ಅವರ 1-10-1 ಲೆಕ್ಕವನ್ನು ಇಲ್ಲಿ ಹುಟ್ಟು ಹಿಡಿಯುವವರೆಲ್ಲ ಬಾಯಿಪಾಠ ಮಾಡಿರುತ್ತಾರೆ: ಬಿದ್ದ ಮೊದಲ 1 ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಆಮೇಲೆ 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ, ಚಳಿಗೆ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಜನ ಮುಳುಗುವುದು ಸಾಮಾನ್ಯವಾಗಿ ಆ ಗಂಟೆ ಮುಗಿಯುವ ಮೊದಲೇ. ಮೈಗೆ ತಣ್ಣೀರು ತಾಗಿದ ತಕ್ಷಣ ಬಾಯಿ ತಾನಾಗಿ ತೆರೆದು ಒಂದು ದೊಡ್ಡ ಉಸಿರೆಳೆಯುತ್ತದೆ. ಆ ಹೊತ್ತಿಗೆ ತಲೆ ನೀರೊಳಗಿದ್ದರೆ ಒಳಗೆ ಹೋಗುವುದು ನೀರೇ. ಈಜು ಚೆನ್ನಾಗಿ ಬರುತ್ತದೆ ಅನ್ನುವುದು ಇಲ್ಲಿ ಉಪಯೋಗಕ್ಕೆ ಬಾರದು.

ಹಾಗಾಗಿ ನಾನು ಬಟ್ಟೆ ಆರಿಸುವಾಗ ಆಕಾಶ ನೋಡುವುದಿಲ್ಲ, ಕಾಲಿನ ಕೆಳಗೆ ಏನಿದೆ ನೋಡುತ್ತೇನೆ. ಕೆಳಗೆ ಹಲಗೆ ಇದ್ದರೆ ಒಂದು ಬಟ್ಟೆ, ನೀರಿದ್ದರೆ ಇನ್ನೊಂದು.

ಹಲಗೆಯಿಂದ ಶುರು ಮಾಡೋಣ. ಇಲ್ಲಿ ಚಳಿಗಾಲದ ಮಜಾ ಅಂದರೆ ರಾತ್ರಿ ಸ್ಕ್ವಿಡ್ ಹಿಡಿಯುವುದು (ನಮ್ಮ ಕರಾವಳಿಯವರ ಬೊಂಡಾಸ್). ಎಡ್ಮಂಡ್ಸ್, ಟಕೋಮಾ ಕಡೆಯ ಪಿಯರ್‌ಗಳಲ್ಲಿ ನೀರಿಗೆ ದೀಪ ಬಿಟ್ಟು, ಮಳೆಯಲ್ಲೇ ಸಾಲಾಗಿ ನಿಂತಿರುತ್ತಾರೆ. ಅಲ್ಲಿ ಅನುಭವಸ್ಥರ ಮೈಮೇಲೆ ದುಬಾರಿ ಜಾಕೆಟ್ ಕಾಣುವುದು ಕಡಿಮೆ. ದಪ್ಪ ಪಿವಿಸಿ (ಪ್ಲಾಸ್ಟಿಕ್ ಲೇಪದ) ಕೋಟು, ಎದೆಯವರೆಗೆ ಬರುವ ಬಿಬ್ ಪ್ಯಾಂಟು, ರಬ್ಬರ್ ಬೂಟು, ಅಷ್ಟೇ. ಗ್ರುಂಡೆನ್ಸ್, ಹೆಲಿ ಹ್ಯಾನ್ಸನ್ ಎರಡೂ ಮೀನುಗಾರರ, ಹಡಗಿನವರ ಹಳೆಯ ಹೆಸರುಗಳು. ಹೆಲಿ ಹ್ಯಾನ್ಸನ್ ಅಂತೂ 1877ರಲ್ಲಿ ನಾರ್ವೆಯ ಹಡಗಿನ ಕ್ಯಾಪ್ಟನ್ ಒಬ್ಬ ಹೆಂಡತಿಯ ಜೊತೆ ಸೇರಿ ನಾರುಬಟ್ಟೆಗೆ ಅಗಸೆ ಎಣ್ಣೆ ಕುಡಿಸಿ ಮಾರಲು ಶುರು ಮಾಡಿದ್ದು. ನೀವು ಹೇಳಿದ 400 ಡಾಲರ್‌ನಲ್ಲಿ ಇವರ ಕೋಟು, ಬಿಬ್ಬು ಎರಡೂ ಬಂದು ದುಡ್ಡು ಮಿಗುತ್ತದೆ.

ಗೋರ್‌ಟೆಕ್ಸ್ ಯಾಕೆ ಬೇಡ ಅಂದರೆ ಮೀನಿನ ಎಣ್ಣೆ. ಅದರ ಪೊರೆಯಲ್ಲಿ ನೀರಿನ ಹನಿ ತೂರದಷ್ಟು, ಬೆವರಿನ ಆವಿ ಮಾತ್ರ ಹೊರಗೆ ಹೋಗುವಷ್ಟು ಸಣ್ಣ ರಂಧ್ರಗಳಿರುತ್ತವೆ. ಅದು ಕೆಲಸ ಮಾಡಬೇಕಾದರೆ ಹೊರಮೈ ಬಟ್ಟೆಯ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಉರುಳಿ ಹೋಗಬೇಕು. ಹೊರಬಟ್ಟೆ ನೀರು ಕುಡಿದರೆ ಆವಿಗೆ ದಾರಿ ಮುಚ್ಚಿತು, ನಿಮ್ಮ ಬೆವರೇ ಒಳಗೆ ತಣ್ಣಗಾಗಿ ಅಂಟುತ್ತದೆ, ನೀವು ಜಾಕೆಟ್ ಸೋರುತ್ತಿದೆ ಅಂದುಕೊಳ್ಳುತ್ತೀರಿ. ಮೊದಲು ಈ ಹೊರಲೇಪದಲ್ಲಿ ಫ್ಲೋರಿನ್ ಇರುವ ರಾಸಾಯನಿಕ ಇರುತ್ತಿತ್ತು, ಅದು ನೀರನ್ನೂ ಎಣ್ಣೆಯನ್ನೂ ದೂರ ಇಡುತ್ತಿತ್ತು. ಪಿಫಾಸ್ ಎಂಬ ಆ ಗುಂಪಿನ ರಾಸಾಯನಿಕಗಳು ಮಣ್ಣು ನೀರಲ್ಲಿ ಕೊಳೆತು ಹೋಗದೆ ಉಳಿಯುತ್ತವೆಂದು ಈಗ ಕಂಪನಿಗಳು ಕೈಬಿಡುತ್ತಿವೆ, ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಬಟ್ಟೆಗಳಲ್ಲಿ ಅದಕ್ಕೆ ನಿಷೇಧವೂ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಹೊಸ ಲೇಪಗಳು ನೀರನ್ನು ತಡೆದಷ್ಟು ಎಣ್ಣೆಯನ್ನು ತಡೆಯುವುದಿಲ್ಲ. ಗಾಳಕ್ಕೆಂದು ಹೆರಿಂಗ್ ಮೀನು ಕತ್ತರಿಸಿದ ಕೈಯನ್ನು ಒಂದೆರಡು ಸಲ ತೋಳಿಗೆ ಒರೆಸಿಕೊಂಡರೆ ಆ ಜಾಗ ಮಳೆಯಲ್ಲಿ ಕಪ್ಪಗೆ ನೆನೆದು ನಿಲ್ಲುತ್ತದೆ. ಪಿವಿಸಿ ಕೋಟಿನ ಮೇಲೆ ಸ್ಕ್ವಿಡ್ ಮಸಿ ಉಗುಳಿದರೂ ಮನೆಗೆ ಬಂದು ಪೈಪ್ ಹಿಡಿದರೆ ಮುಗಿಯಿತು.

ಪಿವಿಸಿಯಲ್ಲಿ ಬೆವರು ಹೊರಗೆ ಹೋಗುವುದಿಲ್ಲ, ನಿಜ. ಆದರೆ ಪಿಯರ್ ಮೇಲೆ ನಿಂತವರಿಗೆ ಬೆವರು ಎಲ್ಲಿಂದ ಬರಬೇಕು? ಬೆಟ್ಟ ಹತ್ತುವುದಾದರೆ ಖಂಡಿತ ಗೋರ್‌ಟೆಕ್ಸ್ ಕೊಳ್ಳಿ. ಇಲ್ಲಿಯ ಚಳಿಯಲ್ಲಿ ಅದು ಮಲೆನಾಡಿನಲ್ಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಹೊರಗಿನ ತಣ್ಣನೆ ಗಾಳಿಯಲ್ಲಿ ಆವಿ ಕಡಿಮೆ, ಒಳಗಿನದು ಹೊರಗೆ ನುಗ್ಗುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಹೊರಗೂ ಬೆಚ್ಚಗಿನ ತೇವವೇ ತುಂಬಿರುವಾಗ ಆ ಪೊರೆಗೆ ಮಾಡಲು ಹೆಚ್ಚು ಕೆಲಸವಿಲ್ಲ.

ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ, ಜೀನ್ಸ್ ಅಂತೂ ಮರೆತುಬಿಡಿ. ಮೈಗೆ ತಾಗುವ ಅಂಗಿ ಮೆರಿನೊ ಉಣ್ಣೆಯದು, ಅದರ ಮೇಲೆ ಫ್ಲೀಸ್. ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದವರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ. ಕೋಟಿನ ಹುಡ್ ಒಳಗೆ ಅಂಚು ಇರುವ ಒಂದು ಕ್ಯಾಪ್ ಹಾಕಿಕೊಳ್ಳಿ, ಇಲ್ಲದಿದ್ದರೆ ತಲೆ ತಿರುಗಿಸಿದಾಗ ಹುಡ್ ಅಲ್ಲೇ ಉಳಿದು ಕಣ್ಣು ಮುಚ್ಚುತ್ತದೆ. ಕನ್ನಡಕ ಹಾಕುವವರಿಗೆ ಈ ಕ್ಯಾಪ್ ಕೋಟಿನಷ್ಟೇ ಮುಖ್ಯ.

ಈಗ ಕಯಾಕ್. ಸಾಮಾನ್ಯ ರೇನ್‌ಕೋಟ್ ಹಾಕಿಕೊಂಡು ಹುಟ್ಟು ಎತ್ತಿ ನೋಡಿ. ಹುಟ್ಟಿನ ತುದಿಯಿಂದ ನೀರು ಕೋಲಿನ ಮೇಲೆ ಹರಿದು ಮಣಿಕಟ್ಟಿಗೆ ಬಂದು, ತೋಳೊಳಗೆ ನುಗ್ಗಿ, ಮೊಣಕೈಯಲ್ಲಿ ನಿಲ್ಲುತ್ತದೆ. ವೆಲ್ಕ್ರೋ ಎಷ್ಟು ಬಿಗಿದರೂ ತಡೆಯದು. ಪ್ಯಾಡ್ಲಿಂಗ್ ಜಾಕೆಟ್‌ಗಳಲ್ಲಿ ಅಲ್ಲಿ ನಿಯೋಪ್ರೀನ್ ಅಥವಾ ಲೇಟೆಕ್ಸ್ ಪಟ್ಟಿ ಇರುತ್ತದೆ, ಅದು ಚರ್ಮಕ್ಕೆ ಅಂಟಿ ಕೂರುತ್ತದೆ. ಆದರೆ ಅದೂ ಎರಚುವ ನೀರಿಗಷ್ಟೇ. ಪೂರ್ತಿ ಮಗುಚಿದರೆ ಸೊಂಟದ ಕಡೆಯಿಂದ ನೀರು ಒಳಗೆ ಬರುತ್ತದೆ.

ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಸಮುದ್ರದಲ್ಲಾದರೆ ವರ್ಷವಿಡೀ, ನನ್ನ ಮಟ್ಟಿಗೆ ಡ್ರೈಸೂಟ್ ಒಂದೇ ಸರಿ. ಅದು ಮೈಯೆಲ್ಲ ಮುಚ್ಚುವ, ಒಳಗೆ ನೀರು ಬಿಡದ ಸೂಟು: ಕಾಲಿನ ಕಡೆ ಹೊಲಿದೇ ಬಂದ ಸಾಕ್ಸು, ಕುತ್ತಿಗೆ ಮಣಿಕಟ್ಟಿಗೆ ಲೇಟೆಕ್ಸ್ ಗ್ಯಾಸ್ಕೆಟ್ (ಬಿಗಿಯಾಗಿ ಕೂರುವ ರಬ್ಬರ್ ಪಟ್ಟಿ), ನೀರು ತೂರದ ಜಿಪ್. ಬೆಲೆ ಸಾವಿರ ಡಾಲರ್ ದಾಟುತ್ತದೆ, ಹೊಟ್ಟೆ ಉರಿಯುತ್ತದೆ, ಗೊತ್ತು. ಮೊದಲು ಬಾಡಿಗೆಗೆ ತಂದು ನೋಡಿ, ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ, ಗ್ಯಾಸ್ಕೆಟ್ ಬದಲಾಯಿಸಬಹುದು. ಅದು ತಾನಾಗಿ ಬೆಚ್ಚಗಿಡುವುದಿಲ್ಲ ಅನ್ನುವುದು ನೆನಪಿರಲಿ, ಒಳಗಿನ ಉಣ್ಣೆ ಫ್ಲೀಸ್‌ಗಳೇ ಬೆಚ್ಚಗಿಡಬೇಕು.

ಹೊಸ ಗ್ಯಾಸ್ಕೆಟ್ ಕತ್ತು ಹಿಸುಕುತ್ತದೆ. ಅದರ ಮೇಲೆ ಬಳೆಬಳೆಯಾಗಿ ಗೆರೆ ಇರುತ್ತದೆ. ಚೂಪಾದ ಕತ್ತರಿಯಲ್ಲಿ ಒಂದು ಬಳೆ ಕತ್ತರಿಸಿ, ಹಾಕಿ ನೋಡಿ, ಇನ್ನೂ ಬಿಗಿಯೆನಿಸಿದರೆ ಇನ್ನೊಂದು. ಕತ್ತರಿಯ ಹಲ್ಲು ಎಲ್ಲೂ ಕಚ್ಚಿ ನಿಲ್ಲಬಾರದು, ಸಣ್ಣ ಕಚ್ಚು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ನೀರಿಗಿಳಿಯುವ ಮುಂಚೆ ಕುಕ್ಕರಗಾಲಲ್ಲಿ ಕೂತು, ಸೂಟನ್ನು ಮೈಗೆ ಅವುಚಿಕೊಂಡು, ಕುತ್ತಿಗೆಯ ಗ್ಯಾಸ್ಕೆಟನ್ನು ಎರಡು ಬೆರಳಲ್ಲಿ ಹಿಗ್ಗಿಸಿ. ಒಳಗಿನ ಗಾಳಿ ಬುಸ್ಸೆಂದು ಹೊರಡುತ್ತದೆ. ಹೀಗೆ ಮಾಡದಿದ್ದರೆ ನೀರಲ್ಲಿ ಬಲೂನಿನಂತೆ ಊದಿಕೊಂಡು ಈಜಲಾಗುವುದಿಲ್ಲ. ಗಂಡಸರಿಗೆ ಗಡ್ಡ ಉದ್ದವಿದ್ದರೆ ಅದರ ಕೂದಲು ಸಿಕ್ಕಿಕೊಂಡು ಸೋರುತ್ತದೆ.

ದುಡ್ಡು ಅಷ್ಟಿಲ್ಲ ಅಂದರೆ 3 ಮಿಲಿಮೀಟರ್‌ನ ತೋಳಿಲ್ಲದ ವೆಟ್‌ಸೂಟ್ (ನೆಂದರೂ ಬೆಚ್ಚಗಿಡುವ ನಿಯೋಪ್ರೀನ್ ಸೂಟು) ಮೇಲೆ ಪ್ಯಾಡ್ಲಿಂಗ್ ಜಾಕೆಟ್ ಹಾಕಿಕೊಳ್ಳಬಹುದು. ಆದರೆ ಅದನ್ನು ಜೂನ್‌ನ ಸರೋವರಕ್ಕೆ ಇಟ್ಟುಕೊಳ್ಳಿ, ದಡದ ಪಕ್ಕದಲ್ಲೇ. ವೇಡರ್ (ನೀರಲ್ಲಿ ನಿಂತು ಮೀನು ಹಿಡಿಯುವವರ, ಬೂಟು ಸೇರಿ ಎದೆಯವರೆಗೆ ಬರುವ ಪ್ಯಾಂಟು) ಹಾಕಿಕೊಂಡು ಕಯಾಕ್‌ನಲ್ಲಿ ಕೂರುವವರನ್ನೂ ನೋಡುತ್ತೀರಿ. ಅದರೊಳಗೆ ನೀರು ತುಂಬಿದರೆ ತಳಕ್ಕೆ ಎಳೆಯುತ್ತದೆ ಅನ್ನುವುದು ಸುಳ್ಳು, ನೀರೊಳಗೆ ನೀರಿಗೆ ತೂಕವಿಲ್ಲ. ಕಷ್ಟ ಶುರುವಾಗುವುದು ಮತ್ತೆ ಕಯಾಕ್ ಹತ್ತುವಾಗ, ಆ ನೀರಷ್ಟನ್ನೂ ಕಾಲಲ್ಲಿ ಹೊತ್ತು ಮೇಲೇಳಬೇಕು, ಅದೂ ಮರಗಟ್ಟಿದ ಕೈಯಲ್ಲಿ.

ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. ಮೀನು ಹಿಡಿಯುವವರಿಗೆಂದೇ ಮಾರುವ ಹಸಿರು, ಬೂದು ಬಟ್ಟೆಗಳು ಈ ಬೂದು ನೀರಲ್ಲಿ ಮಾಯವಾಗುತ್ತವೆ. ಸೌಂಡ್‌ನಲ್ಲಿ ದೊಡ್ಡ ಫೆರಿಗಳು ಓಡಾಡುತ್ತಿರುತ್ತವೆ, ಮೇಲಿಂದ ನೋಡುವವರಿಗೆ ನೀವು ತೇಲುವ ಮರದ ದಿಮ್ಮಿಯಂತೆಯೂ ಕಾಣುವುದಿಲ್ಲ. ಉಪ್ಪುನೀರಿನಿಂದ ಬಂದ ದಿನ ಎಲ್ಲವನ್ನೂ ಸಿಹಿನೀರಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿ.

ಮಗನಿಗೆ ಡ್ರೈಸೂಟ್ ಕೊಡಿಸಬೇಡಿ, ಬೆಳೆಯುವ ವಯಸ್ಸು, ಮುಂದಿನ ವರ್ಷ ಬರುವುದಿಲ್ಲ. ಈ ಚಳಿಗಾಲ ಪಿಯರ್‌ಗೆ ಕರೆದುಕೊಂಡು ಹೋಗಿ. ಒಂದು ಸೈಜ್ ದೊಡ್ಡದಾದ ರಬ್ಬರ್ ಕೋಟು, ಬಿಬ್ಬು, ದಪ್ಪ ಉಣ್ಣೆ ಸಾಕ್ಸು ಹಿಡಿಸುವಷ್ಟು ಸಡಿಲವಾದ ಗಂಬೂಟು ಸಾಕು. ಕೈಗವಸು ಎರಡು ಜೊತೆ ಇಟ್ಟುಕೊಳ್ಳಿ, ಮೊದಲ ಜೊತೆಯನ್ನು ಅವನು ಅರ್ಧ ಗಂಟೆಯಲ್ಲೇ ಮೀನಿನ ಬಕೆಟ್‌ಗೆ ಅದ್ದಿರುತ್ತಾನೆ. ಬೇಸಿಗೆಯಲ್ಲಿ ಕಯಾಕ್‌ಗೆ ಕೂರಿಸುವಾಗ ಲೈಫ್ ಜಾಕೆಟ್ ಹಾಕಿರಲೇಬೇಕು. ವಾಷಿಂಗ್ಟನ್ ರಾಜ್ಯದಲ್ಲಿ 19 ಅಡಿಗಿಂತ ಚಿಕ್ಕ ದೋಣಿಯಲ್ಲಿ 12 ವರ್ಷ ಮತ್ತು ಅದರ ಕೆಳಗಿನ ಮಕ್ಕಳಿಗೆ ಅದು ಕಾನೂನು. ದೊಡ್ಡವರು ದೋಣಿಯಲ್ಲಿ ಇಟ್ಟುಕೊಂಡಿದ್ದರೆ ಸಾಕೆಂದು ಕಾನೂನು ಹೇಳುತ್ತದೆ, ನೀವು ಮಾತ್ರ ಅದನ್ನು ಡ್ರೈಸೂಟ್ ಮೇಲೆ ಹಾಕಿಕೊಂಡು ಜಿಪ್ ಎಳೆದೇ ಹೊರಡಿ.