ಗಿಡದ ಮಾತು: ಚಿಟ್ಟೆ ಬಂದರೆ ಸಾಕೇ?

ಪ್ರಶ್ನೆ: ಮೇಡಂ, ಕನಕಪುರ ರಸ್ತೆ ಹತ್ತಿರ ನಮ್ಮದೊಂದು ತುಂಡು ಜಮೀನಿದೆ. ಬೇಲಿ ಪೂರ್ತಿ ಲಂಟಾನ. ನಮ್ಮತ್ತೆ ಕೀಳಿಸಿಬಿಡು ಅನ್ನುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಅದರ ಮೇಲೆ ಚಿಟ್ಟೆಗಳ ಜಾತ್ರೆ. ಚಿಟ್ಟೆಗೆ ಬೇಕಾದ ಗಿಡ ಕೆಟ್ಟದ್ದು ಹೇಗಾಗುತ್ತದೆ?

ಉತ್ತರ: ನಾನು ಅತ್ತೆಯವರ ಪಕ್ಷ. ಆದರೆ ಈ ಪ್ರಶ್ನೆಯನ್ನು ಮೂವತ್ತು ವರ್ಷ ಪಾಠ ಮಾಡುವಾಗಲೂ ಮಕ್ಕಳು ಕೇಳುತ್ತಲೇ ಇದ್ದರು. ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಹೂವು ನೋಡಬೇಡಿ, ಎಲೆ ನೋಡಿ. ಎಲೆ ಮಗುಚಿ, ಚಿಟ್ಟೆಯ ಮರಿಹುಳು ಎಷ್ಟಿವೆ ಎಣಿಸಿ. ಆಮೇಲೆ ಮನೆಯ ಕರಿಬೇವಿನ ಗಿಡವನ್ನೂ ಹಾಗೇ ನೋಡಿ. ರಸ್ತೆ ಬದಿಯ ಎಕ್ಕ, ಬಯಲಿನ ತಂಗಡಿ, ಕಕ್ಕೆ ಮರ, ಇವುಗಳಲ್ಲೂ ಹುಡುಕಿ. ಅಲ್ಲಿ ಎಲೆ ತಿಂದ ಗುರುತು ಸಿಗುತ್ತದೆ, ಹುಳು ಸಿಗುತ್ತದೆ. ಲಂಟಾನದಲ್ಲಿ ನಮ್ಮ ಚಿಟ್ಟೆಯ ಹುಳು ಸಿಗುವುದು ಬಹಳ ಅಪರೂಪ. ಚಿಟ್ಟೆಗೆ ಲಂಟಾನ ಒಂದು ದರ್ಶಿನಿ ಇದ್ದ ಹಾಗೆ. ನಿಂತು ಕಾಫಿ ಕುಡಿದು ಹೋಗುತ್ತದೆ. ಬಾಣಂತನಕ್ಕೆ ತವರುಮನೆಯೇ ಬೇಕಲ್ವಾ? ಊರೆಲ್ಲ ದರ್ಶಿನಿ ಆಗಿ ತವರುಮನೆಗಳು ಹೋದರೆ, ಕಾಫಿಗೆ ಬರುವವರಾದರೂ ಎಲ್ಲಿಂದ ಬರಬೇಕು?

ಲಂಟಾನದ ತವರು ಅಮೆರಿಕ ಖಂಡದ ಬಿಸಿ ನಾಡುಗಳು. 1809ರಲ್ಲಿ ಕಲ್ಕತ್ತೆಗೆ ತೋಟದ ಅಂದಕ್ಕೆಂದು ತಂದರು. ದನ ಮೇಯುವುದಿಲ್ಲ. ತಪ್ಪಿ ಮೇದರೆ ವಿಷ, ಈಲಿ (ಲಿವರ್) ಕೆಡುತ್ತದೆ. ಹಣ್ಣನ್ನು ಮಾತ್ರ ಪಿಕಳಾರಗಳು ಬಿಡುವುದಿಲ್ಲ. ತಿಂದು ಹಾರಿ, ಹೋದಲ್ಲೆಲ್ಲ ಬಿತ್ತುತ್ತವೆ. ಪೊದೆ ದಟ್ಟವಾದ ಮೇಲೆ ಅದರಡಿ ಹುಲ್ಲು ಏಳುವುದಿಲ್ಲ. ತುಂಬೆ, ಕಾರೆ, ಕವಳೆ ಎಲ್ಲ ಬೆಳಕಿಲ್ಲದೆ ಸೊರಗುತ್ತವೆ. ಕಾಡಿನಲ್ಲಾದರೆ ಜಿಂಕೆಗೆ ಮೇವಿಲ್ಲ.

ಇನ್ನು ತೆಗೆಯುವ ಬಗೆ. ಮಚ್ಚಿನಿಂದ ಮೇಲೆ ಸವರಿಸಿದರೆ ಕ್ಷೌರ ಮಾಡಿಸಿದ ಹಾಗೆ, ಇನ್ನೂ ದಟ್ಟವಾಗಿ ಬರುತ್ತದೆ. ಬುಡದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಎರಡು ಇಂಚು ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಬೇಕು. ಚಿಗುರುವ ಭಾಗ ಅದರ ಮೇಲಿದೆ. ಕಡಿದ ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಿ, ಬೇರು ಮಣ್ಣಿಗೆ ತಾಗಬಾರದು. ಕಾಯಿ ಕಟ್ಟುವ ಮೊದಲೇ ಈ ಕೆಲಸ ಮುಗಿಯಬೇಕು. ಒಂದೇ ದಿನ ಬೇಲಿ ಪೂರ್ತಿ ಬೋಳಿಸಬೇಡಿ. ಹಕ್ಕಿ ಗೂಡು ಇದೆಯೇ ನೋಡಿಕೊಂಡು ಹತ್ತು ಹತ್ತು ಅಡಿ ತೆಗೆಯಿರಿ. ತೆಗೆದ ಕಡೆ ಅದೇ ಮಳೆಗೆ ಲಕ್ಕಿ, ತಂಗಡಿ, ಬಂದರೆ ಎಂಬ ಗಿಡಗಳನ್ನು ನೆಡಿ. ಮುಂದಿನ ಎರಡು ಮೂರು ಮಳೆಗಾಲ ಲಂಟಾನದ ಸಸಿ ಏಳುತ್ತಲೇ ಇರುತ್ತದೆ. ಕೀಳುತ್ತಲೇ ಇರಬೇಕು, ಬೇರೆ ದಾರಿ ಇಲ್ಲ.

ಕಡ್ಡಿ ಸುಡಬೇಡಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದೇ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನಮ್ಮ ಮನೆಯ ಮೊರದಾಕಾರದ ಹಣ್ಣಿನ ತಟ್ಟೆ ಅಂಥದ್ದೇ. ಹುಳ ಹಿಡಿದಿಲ್ಲ ಇನ್ನೂ.

ಪ್ರಶ್ನೆ: ಯಲಹಂಕದಲ್ಲಿ ನಮ್ಮ ಪಕ್ಕದ್ದು ಖಾಲಿ ಸೈಟು. ತುಂಬ ಕಾಂಗ್ರೆಸ್ ಗಿಡ. ಅಪ್ಪನಿಗೆ ಕತ್ತು, ಕೈ ಎಲ್ಲ ತುರಿಕೆ. ಸೈಟಿನವರು ವರ್ಷಕ್ಕೆರಡು ಸಲ ಜೆಸಿಬಿ ತರಿಸಿ ಕೆರೆಸುತ್ತಾರೆ. ತಿಂಗಳಿಗೇ ಮತ್ತೆ ಬರುತ್ತದೆ, ಮೊದಲಿಗಿಂತ ಜಾಸ್ತಿ. ಯಾವ ಔಷಧಿ ಹೊಡೆಯಬೇಕು?

ಉತ್ತರ: ಮೊದಲು ಅಪ್ಪನನ್ನು ಚರ್ಮದ ಡಾಕ್ಟರಿಗೆ ತೋರಿಸಿ. ಗಿಡ ಕೀಳುವ ಕೆಲಸಕ್ಕೆ ಅವರು ಬೇಡ. ಒಣಗಿದ ಗಿಡದ ಧೂಳೂ ಸಾಕು ತುರಿಕೆಗೆ.

ಆಮೇಲೆ ಆ ಜೆಸಿಬಿ ನಿಲ್ಲಿಸಿ. ಸೈಟಿನವರು ಗಿಡ ತೆಗೆಸುತ್ತಿಲ್ಲ, ಹೊಲ ಉತ್ತು ಹದ ಮಾಡಿ ಕೊಡುತ್ತಿದ್ದಾರೆ! ಈ ಗಿಡ ಒಂದೇ 15,000ಕ್ಕಿಂತ ಜಾಸ್ತಿ ಬೀಜ ಕೊಡಬಲ್ಲದು, ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡಬಲ್ಲದು. ಬೇರಿನಿಂದ, ಎಲೆಯಿಂದ ಇಳಿಯುವ ರಸ ಬೇರೆ ಬೀಜಗಳ ಮೊಳಕೆಯನ್ನೂ ತಡೆಯುತ್ತದೆ. ಬೋಳು ನೆಲ ಕಂಡರೆ ಮೊದಲು ಬರುವುದು ಇದೇ. ಹುಲ್ಲು ಮುಚ್ಚಿದ ನೆಲದಲ್ಲಿ ಅಷ್ಟು ಸುಲಭಕ್ಕೆ ಕಾಲೂರುವುದಿಲ್ಲ. ಸೈಟು, ಅಗೆದ ರಸ್ತೆ, ಕಟ್ಟಡದ ಮಣ್ಣು ಸುರಿದ ಜಾಗ, ಬೆಂಗಳೂರಿನಲ್ಲಿ ಬೋಳು ನೆಲಕ್ಕೇನು ಬರ?

ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬರುವ ಮೊದಲು, ಕೈಗವಸು ಹಾಕಿ ಬೇರುಸಮೇತ ಕೀಳಿಸಿ. ಉಪ್ಪುನೀರು ಹೊಡೆಯುವವರಿದ್ದಾರೆ. ಗಿಡವೇನೋ ಸುಡುತ್ತದೆ, ನೆಲವೂ ಕೆಡುತ್ತದೆ. ಕಿತ್ತ ಮೇಲೆ ಸೈಟಿನವರನ್ನು ಒಪ್ಪಿಸಿ ಹುರುಳಿ ಚೆಲ್ಲಿ. ಒತ್ತಾಗಿ ಚೆಲ್ಲಿ. ಅಂಚಿಗೆ ಅವರೆ ಹಾಕಿದರೆ ಚಳಿಗಾಲದಲ್ಲಿ ಅವರೆಕಾಯಿಯಲ್ಲಿ ಅವರಿಗೂ ಒಂದು ಪಾಲು ಕೊಡಬಹುದು. ಒಪ್ಪಿಗೆ ಬೇಗ ಸಿಗುತ್ತದೆ.

ಗಿಡದ ಮೇಲೆ ಕೆನೆಬಣ್ಣದ ಬೆನ್ನಿಗೆ ಕಂದು ಗೆರೆಯಿರುವ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಮರುವರ್ಷ ನಮ್ಮ ಬೆಂಗಳೂರಿನಲ್ಲೇ ಬಿಟ್ಟ ಹುಳು ಅದು. ಮಳೆಗಾಲದಲ್ಲಿ ಎಲೆಯನ್ನು ಜಾಲರಿ ಮಾಡಿಬಿಡುತ್ತದೆ. ಆಮೇಲೆ ಮಣ್ಣಿಗಿಳಿದು ನಿದ್ದೆ. ಗಿಡಕ್ಕೆ ಮಾತ್ರ ನಿದ್ದೆಯಿಲ್ಲ. ಹಾಗಾಗಿ ಹುಳುವನ್ನೇ ನಂಬಿ ಕೂರುವಂತಿಲ್ಲ.

ಪ್ರಶ್ನೆ: ಹಾಗಾದರೆ ಗುಲ್‌ಮೊಹರ್, ಜಕರಂದಾ, ಟಬೆಬುಯಾ ಎಲ್ಲ ಕಡಿಯಬೇಕೇ? ಅವೂ ಹೊರಗಿನವಲ್ಲವೇ? (ಜಯನಗರ)

ಉತ್ತರ: ಬೇಡ. ಹೊರಗಿನದೆಲ್ಲ ಬೇಡವೆಂದರೆ ಮುದ್ದೆಯೂ ಇಲ್ಲ, ರಾಗಿ ಆಫ್ರಿಕಾದ್ದು. ಸಾರಿಗೆ ಹುಣಸೆ, ಮೆಣಸಿನಕಾಯಿ, ಟೊಮೆಟೊ ಯಾವುದೂ ಉಳಿಯುವುದಿಲ್ಲ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಬಂದ ಮೇಲೆ ಏನು ಮಾಡುತ್ತಿದೆ ನೋಡಿ. ನಿಮ್ಮ ರಸ್ತೆಯ ಗುಲ್‌ಮೊಹರ್ ಮಡಗಾಸ್ಕರ್‌ನದು, ನೆಟ್ಟಲ್ಲೇ ನಿಂತಿದೆ, ಪಕ್ಕದವರನ್ನು ತಿಂದಿಲ್ಲ. ಹೊಸದಾಗಿ ನೆಡುವಾಗ ಹೊಂಗೆ, ಕಕ್ಕೆ ಕೇಳಿ. ಆಫ್ರಿಕಾದ ನೀರುಕಾಯಿ ಮರ ಮಾತ್ರ ಬೇಡ. ಅದರ ಬೀಜಕ್ಕೆ ರೆಕ್ಕೆ ಇದೆ.

ಪ್ರಶ್ನೆ: ಮೇಡಂ, ನಾನು ನಿಮ್ಮ ಹಳೆಯ ವಿದ್ಯಾರ್ಥಿನಿ. ಮೊನ್ನೆ ನಿಮ್ಮ ಮನೆ ಮುಂದೆ ಹೋದೆ. ಗೇಟಿನ ಪಕ್ಕ ಹಳದಿ ಹೂವಿನ ಸಿಂಗಪುರ ಡೈಸಿ! ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ ಅಂತ ಹೇಳಿಕೊಟ್ಟವರು ನೀವೇ ಅಲ್ವಾ?

ಉತ್ತರ: ಸಿಕ್ಕಿಬಿದ್ದೆ. ಹನ್ನೆರಡು ವರ್ಷದ ಹಿಂದೆ ನರ್ಸರಿಯಿಂದ ಒಂದು ಕುಂಡ ತಂದೆ, ನೀರು ಕಡಿಮೆ ಸಾಕು ಅಂತ. ಗೊತ್ತಿದ್ದೂ ತಂದೆ, ಅದೇ ನಾಚಿಕೆ. ಗಿಣ್ಣು ಗಿಣ್ಣಿಗೂ ಬೇರು ಬಿಡುವ ಬಳ್ಳಿ. ಅಂಗಳ ದಾಟಿ ಚರಂಡಿ ಅಂಚಿಗೆ ಇಳಿಯಿತು, ಅಲ್ಲಿದ್ದ ತುಂಬೆಯನ್ನು ಮುಚ್ಚಿತು. ಶಿವರಾತ್ರಿಗೆ ತುಂಬೆ ಹೂವನ್ನು ಈಗ ಮಲ್ಲೇಶ್ವರದಲ್ಲಿ ದುಡ್ಡು ಕೊಟ್ಟು ತರುತ್ತೇನೆ. ಮೂರು ವರ್ಷದಿಂದ ಕೀಳುತ್ತಿದ್ದೇನೆ. ಕಿತ್ತದ್ದನ್ನು ಮಹಡಿಯ ತಗಡಿನ ಮೇಲೆ ಹರಡಿ ಪೂರ್ತಿ ಒಣಗಿಸಿದ ಮೇಲೇ ಗೊಬ್ಬರದ ಗುಂಡಿಗೆ. ಒಂದು ಗಿಣ್ಣು ಹಸಿ ಉಳಿದರೂ ಮತ್ತೆ ಚಿಗುರುತ್ತದೆ. ನೀವು ನೋಡಿದ್ದು ಉಳಿದಿರುವ ಆರಡಿ. ಮುಂದಿನ ಭಾನುವಾರ ಬನ್ನಿ, ಗುದ್ದಲಿ ನನ್ನ ಹತ್ತಿರ ಎರಡಿದೆ.